ಕೂಡಿಟ್ಟದ್ದನ್ನು ಬಿಟ್ಟಿಡುವುದು

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆಯ ಹೊಲಿಗೆ ಅಂಗಡಿಗೆ ದಿನವೂ ಸಂಜೆ ಆರರ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಕಂಕುಳಲ್ಲಿ ಚೀಲ, ಕಿವಿಯ ಸಂದಿಯಲ್ಲಿ ಪೆನ್ನು. ತಂದೆ ಮೆಷಿನ್ ತುಳಿಯುವುದನ್ನು ನಿಲ್ಲಿಸದೆಯೇ ಎಡಗೈಯಿಂದ ಡ್ರಾಯರ್ ಎಳೆದು, ದಾರದ ಉಂಡೆಗಳ ನಡುವಿನಿಂದ ಐದು ರೂಪಾಯಿ ತೆಗೆದು ಕೊಡುತ್ತಿದ್ದರು. ಅವರು ಕಾರ್ಡಿನಲ್ಲಿ ಬರೆದು, ಸಹಿ ಹಾಕಿ, ಪಕ್ಕದ ಬಳೆ ಅಂಗಡಿಗೆ ಹೋಗುತ್ತಿದ್ದರು.

ಈ ಪಿಗ್ಮಿ ನಮ್ಮ ಕರಾವಳಿಯ ಕೂಸು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರು ಡಾ. ಟಿ.ಎಂ.ಎ. ಪೈ. 1928ರಲ್ಲಿ ಆ ಬ್ಯಾಂಕು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆ ಬಾಗಿಲಿಗೇ ಹೋಗಿ ಸಂಗ್ರಹಿಸತೊಡಗಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಜನರ ಬಳಿಗೆ ಬ್ಯಾಂಕೇ ನಡೆದು ಬಂದ ಕಾಲ ಅದು. ನನಗೆ ಇಂದಿಗೂ ಅದರ ಬಗ್ಗೆ ಹೆಮ್ಮೆಯಿದೆ.

ಆದರೆ ತಂದೆಯ ಪಿಗ್ಮಿ ಒಂದು ವರ್ಷಕ್ಕಿಂತ ಹೆಚ್ಚು ಬಾಳಿದ್ದನ್ನು ನಾನು ಕಾಣಲಿಲ್ಲ. ಒಂದು ವರ್ಷ ಹೆಂಚು ಹೊದಿಸಲು, ಇನ್ನೊಂದು ವರ್ಷ ಅಕ್ಕನ ಶುಲ್ಕಕ್ಕೆ, ಮತ್ತೊಂದು ವರ್ಷ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಯಾವುದೂ ದುಂದಲ್ಲ. ಆದರೂ ಪ್ರತಿ ಸಲ ಎಣಿಕೆ ಸೊನ್ನೆಯಿಂದಲೇ ಆರಂಭವಾಗುತ್ತಿತ್ತು. ನಮ್ಮಂಥ ಎಷ್ಟೋ ಮನೆಗಳಿಗೆ ಕೂಡಿಡುವುದು ಗೊತ್ತು. ಕೂಡಿಟ್ಟದ್ದನ್ನು ಬಿಟ್ಟಿಡುವುದು ಗೊತ್ತಿಲ್ಲ. ಹಣ ಬೆಳೆಯುವುದು ಬಿಟ್ಟಿಟ್ಟಾಗ.

ಬಡ್ಡಿ ಎಂಬ ಮಾತು ಸಂಸ್ಕೃತದ ವೃದ್ಧಿಯಿಂದ ಬಂದದ್ದು. ವೃದ್ಧಿ ಎಂದರೆ ಬೆಳವಣಿಗೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಬಡ್ಡಿಯ ಲೆಕ್ಕಗಳಿವೆ. ಆದರೆ ಚಕ್ರಬಡ್ಡಿ ಎಂದರೆ ನಮಗೆ ಬೆಳವಣಿಗೆ ನೆನಪಾಗುವುದಿಲ್ಲ, ಸಾಲ ಕೊಟ್ಟವನು ಬಾಗಿಲು ಬಡಿಯುವುದು ನೆನಪಾಗುತ್ತದೆ. ತಲೆಮಾರುಗಳಿಂದ ನಾವು ಆ ಚಕ್ರದ ಅಡಿಯಲ್ಲೇ ಇದ್ದೆವು. ಅದೇ ಚಕ್ರವನ್ನು ನಮಗಾಗಿ ತಿರುಗಿಸಬಹುದು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಕಾಗದ ಪೆನ್ನು ತೆಗೆದುಕೊಳ್ಳಿ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, ಹದಿನೈದು ವರ್ಷದ ಖಾತೆ. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇಕಡಾ 7.1ಕ್ಕೆ ಇಳಿಯಿತು. ಆ ದರವನ್ನೇ ಹಿಡಿಯೋಣ. ಇಪ್ಪತ್ಮೂರು ವರ್ಷದ ಹುಡುಗಿಯೊಬ್ಬಳು ವರ್ಷಕ್ಕೆ 12 ಸಾವಿರವನ್ನು ಏಪ್ರಿಲ್ ಮೊದಲ ವಾರದಲ್ಲಿ ಕಟ್ಟುತ್ತಾಳೆ. ಮೊದಲ ವರ್ಷದ ಬಡ್ಡಿ 852 ರೂಪಾಯಿ. ಇಷ್ಟೇನಾ ಎನಿಸುತ್ತದೆ, ಅಲ್ಲವೇ? ಬಹಳ ಜನ ಬಿಡುವುದು ಇಲ್ಲಿಯೇ. ಹತ್ತನೆಯ ವರ್ಷದ ಬಡ್ಡಿ ಸುಮಾರು 11,800. ಹನ್ನೊಂದನೆಯ ವರ್ಷ 13,500. ಆ ವರ್ಷದಿಂದ ಆಕೆ ಕಟ್ಟುವ ಕಂತಿಗಿಂತ ಬಡ್ಡಿಯೇ ದೊಡ್ಡದು. ಹದಿನೈದು ವರ್ಷ ಮುಗಿದಾಗ ಕಟ್ಟಿದ್ದು 1 ಲಕ್ಷ 80 ಸಾವಿರ, ಖಾತೆಯಲ್ಲಿರುವುದು ಸುಮಾರು 3 ಲಕ್ಷ 25 ಸಾವಿರ.

ಇನ್ನು ಮುಂದಿನದು ಕೇಳಿ. ಆಕೆ ಆಮೇಲೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ, ತೆಗೆಯುವುದೂ ಇಲ್ಲ. ಪಿಪಿಎಫ್‌ನಲ್ಲಿ ಹಾಗೆ ಮುಂದುವರಿಸಲು ಅವಕಾಶವಿದೆ. ಇನ್ನು ಹದಿನೈದು ವರ್ಷಕ್ಕೆ, ಐವತ್ಮೂರನೆಯ ವಯಸ್ಸಿಗೆ, ಅದು ಸುಮಾರು 9 ಲಕ್ಷ 10 ಸಾವಿರವಾಗುತ್ತದೆ. ಮೂವತ್ತನೆಯ ವರ್ಷವೊಂದರಲ್ಲೇ ಬರುವ ಬಡ್ಡಿ 60 ಸಾವಿರ, ಅಂದರೆ ಐದು ವರ್ಷದ ಕಂತು. ಅವಳ ಅಣ್ಣ ಮೂವತ್ತೆಂಟಕ್ಕೆ ಶುರುಮಾಡಿ ಐವತ್ಮೂರಕ್ಕೆ ಅಷ್ಟೇ ಹಣ ನೋಡಬೇಕೆಂದರೆ ವರ್ಷಕ್ಕೆ 33,600 ರೂಪಾಯಿ ಕಟ್ಟಬೇಕು. ಅವನ ಕೈಯಿಂದ ಹೋಗುವುದು 5 ಲಕ್ಷಕ್ಕೂ ಮೇಲೆ. ತಂಗಿಯ ಕೈಯಿಂದ ಹೋದದ್ದು ಬರೀ 1 ಲಕ್ಷ 80 ಸಾವಿರ.

ಬೆಲೆಗಳೂ ಏರುತ್ತವೆ, ನಿಜ. ಮೂವತ್ತು ವರ್ಷದ ನಂತರದ 9 ಲಕ್ಷಕ್ಕೆ ಇಂದಿನ 9 ಲಕ್ಷದ ಬೆಲೆ ಇರುವುದಿಲ್ಲ. ಬಡ್ಡಿ ದರವೂ ಇದ್ದ ಹಾಗೆ ಇರುವುದಿಲ್ಲ. 2000ದ ಜನವರಿಗೆ ಮುನ್ನ ಪಿಪಿಎಫ್‌ಗೆ ಶೇಕಡಾ 12 ಸಿಗುತ್ತಿತ್ತು. ಆದ್ದರಿಂದ ದೀರ್ಘಕಾಲ ಕಾಯಬಲ್ಲವರು ಒಂದು ಪಾಲನ್ನು ಹಲವರ ಹಣ ಕೂಡಿಸಿ ಷೇರುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತಾಗಿ ಇಡುವುದು ಸರಿ ಎಂದು ನನ್ನ ಅಭಿಪ್ರಾಯ. ಅಲ್ಲಿ ಏರಿಳಿತವಿದೆ, ಖಾತರಿಯಿಲ್ಲ. ಮೂರು ನಾಲ್ಕು ವರ್ಷದಲ್ಲಿ ಬೇಕಾಗುವ ಹಣವನ್ನು ಅಲ್ಲಿ ಇಡಬೇಡಿ.

ಅದಕ್ಕೂ ಮೊದಲು ಸಾಲ ತೀರಿಸಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3 ಎಂದರೆ, ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇಕಡಾ 42ನ್ನು ದಾಟುತ್ತದೆ. ಮೀಟರ್ ಬಡ್ಡಿಯ ಮಾತಂತೂ ಬೇಡವೇ ಬೇಡ. ಒಂದು ಕಡೆ ಏಳು ದುಡಿದು ಇನ್ನೊಂದು ಕಡೆ ನಲವತ್ತೆರಡು ಸುರಿಯುವುದರಲ್ಲಿ ಅರ್ಥವಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಪಿಪಿಎಫ್‌ನಲ್ಲಿ ಏಳನೆಯ ವರ್ಷದಿಂದ ಸ್ವಲ್ಪ ಹಣ ತೆಗೆಯಬಹುದು. ತೆಗೆಯಬಹುದು ಎಂದು ತಿಳಿದ ವರ್ಷವೇ 20 ಸಾವಿರ ತೆಗೆದು ಟಿವಿ ತಂದೆ. ಹಳೆಯದು ಚೆನ್ನಾಗಿಯೇ ಇತ್ತು. ಇಂದಿನ ದರದಲ್ಲೇ ಲೆಕ್ಕ ಹಾಕಿದರೂ ಆ 20 ಸಾವಿರ ಇಪ್ಪತ್ತು ವರ್ಷಕ್ಕೆ ಸುಮಾರು 79 ಸಾವಿರವಾಗುತ್ತಿತ್ತು. ತಂದೆ ಪಿಗ್ಮಿ ಒಡೆದದ್ದು ಅಜ್ಜಿಯ ಕಣ್ಣಿಗೆ. ನಾನು ಒಡೆದದ್ದು ಯಾವುದಕ್ಕೆ ಎಂದು ಈಗಲೂ ನೋವಾಗುತ್ತದೆ. ತುರ್ತಿಗೆಂದು ಬೇರೆಯೇ ಒಂದು ಖಾತೆಯಲ್ಲಿ ನಾಲ್ಕಾರು ತಿಂಗಳ ಖರ್ಚು ಇಟ್ಟುಕೊಂಡರೆ ದೊಡ್ಡ ಗಂಟಿಗೆ ಕೈ ಹೋಗುವುದಿಲ್ಲ. ಇದನ್ನು ಕಲಿಯಲು ನನಗೆ ಆ ಟಿವಿ ಬೇಕಾಯಿತು.

ಅಕ್ಕನ ಮಗಳಿಗೆ ಕಳೆದ ತಿಂಗಳು ಮೊದಲ ಸಂಬಳ ಬಂತು. 4ನೇ ತಾರೀಖು ಇಬ್ಬರೂ ಅಂಚೆ ಕಚೇರಿಗೆ ಹೋದೆವು. ತಿಂಗಳ 5ರ ಒಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸೇರುತ್ತದೆ, ತಡವಾದರೆ ಇಲ್ಲ. ಹಸಿ ಮೊಹರಿನ ಶಾಯಿ ಒರೆಸಿ ಹೋಗದಿರಲೆಂದು ಅವಳು ಪಾಸ್ ಪುಸ್ತಕವನ್ನು ಬಿಚ್ಚಿಟ್ಟುಕೊಂಡೇ ಬಸ್ ಹತ್ತಿದಳು. ಮೊದಲ ಸಾಲಿನಲ್ಲಿ 1,000 ಎಂದಿದೆ. ಬಡ್ಡಿಯನ್ನು ಬರೆಯುವುದು ಮಾರ್ಚ್ 31ಕ್ಕೆ.

ನಮಸ್ಕಾರ.