ಮೊದಲು ಮೈಕ್ ಬಂದ್ ಮಾಡಿ

ಕೇಳುಗರಿಗೆ ನಮಸ್ಕಾರ. ಕರೆದರೆ ಹಾಡು ಹಾಕುವ, ಅಲಾರಾಂ ಇಡುವ ಸ್ಮಾರ್ಟ್ ಸ್ಪೀಕರ್ ನಿಮ್ಮ ಮನೆಯಲ್ಲಿದೆಯೇ? ಅದರ ಮೈಮೇಲೆ ಮೈಕ್ ಬಂದ್ ಮಾಡುವ ಗುಂಡಿಯೊಂದಿರುತ್ತದೆ. ಇವತ್ತು ನಾನು ಹೇಳುವುದೆಲ್ಲ ಆ ಗುಂಡಿಯ ವಿಷಯವೇ.

ಈ ಯಂತ್ರ ತನ್ನ ಹೆಸರು ಕೇಳಿಸೀತೆಂದು ಸದಾ ಕಿವಿಗೊಟ್ಟಿರುತ್ತದೆ. ಕೇಳಿಸಿತೋ, ಮುಂದಿನ ಮಾತೆಲ್ಲ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಕರೆಯದಿದ್ದರೂ ಕರೆದರೆಂದು ಭಾವಿಸಿದರೆ?

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2018ರಲ್ಲಿ ಹಾಗೆಯೇ ಆಯಿತು. ಅಮೆಜಾನ್ ಕಂಪನಿಯ ಅಲೆಕ್ಸಾ ಎಂಬ ಸ್ಪೀಕರ್ ಇದ್ದ ಮನೆಯಲ್ಲಿ ಗಂಡ ಹೆಂಡತಿ ಮರದ ನೆಲಹಾಸಿನ ಬಗ್ಗೆ ಮಾತನಾಡಿಕೊಂಡರು. ಸ್ವಲ್ಪ ಸಮಯದ ನಂತರ ಸಿಯಾಟಲ್‌ನಿಂದ ಗಂಡನ ಕೈಕೆಳಗಿನ ನೌಕರನ ಫೋನು: ಮೊದಲು ಅಲೆಕ್ಸಾದ ಪ್ಲಗ್ ಕೀಳಿ, ನಿಮ್ಮ ಮಾತು ನನಗೆ ಬಂದಿದೆ! ಇವರು ನಂಬಲಿಲ್ಲ. ನೆಲಹಾಸಿನ ಮಾತನ್ನು ಅವನು ಹೇಳಿದ ಮೇಲೆ ನಂಬಲೇಬೇಕಾಯಿತು. ಅಮೆಜಾನ್ ಕೊಟ್ಟ ವಿವರಣೆ ಕೇಳಿ. ಯಾವುದೋ ಪದ 'ಅಲೆಕ್ಸಾ' ಎಂದು ಕೇಳಿಸಿತಂತೆ. ಇನ್ನೊಂದು ಮಾತು 'ಸಂದೇಶ ಕಳಿಸು' ಎಂದು ಕೇಳಿಸಿತಂತೆ. 'ಯಾರಿಗೆ?' ಎಂದು ಯಂತ್ರ ಕೇಳಿದಾಗ ಹರಟೆಯಲ್ಲಿನ ಯಾವುದೋ ಸದ್ದು ಆ ನೌಕರನ ಹೆಸರಾಯಿತಂತೆ. 'ಇವರಿಗೇ ತಾನೆ?' ಎಂದದ್ದಕ್ಕೆ 'ಹೌದು' ಎಂಬ ಉತ್ತರವೂ ಹರಟೆಯಲ್ಲೇ ಸಿಕ್ಕಿತಂತೆ. ಇಷ್ಟು ವಿಧೇಯ ಕಿವುಡನನ್ನು ನಾನಂತೂ ಎಲ್ಲೂ ಕಂಡಿಲ್ಲ! ಮೈಕ್ ಬಂದ್ ಆಗಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ.

ಕತೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಯಂತ್ರವನ್ನು ಪಳಗಿಸಲು ಇಂಥ ಧ್ವನಿಮುದ್ರಣಗಳಲ್ಲಿ ಕೆಲವನ್ನು ಮನುಷ್ಯರೂ ಕೇಳುತ್ತಿದ್ದರೆಂಬುದು 2019ರಲ್ಲಿ ಬಯಲಾಯಿತು. ಅಮೆಜಾನ್, ಗೂಗಲ್, ಆಪಲ್ ಮೂರೂ ಸಿಕ್ಕಿಬಿದ್ದವು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆಜಾನ್ ಎರಡೂವರೆ ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಿಮಗೆ ಒಂದು ಗುಂಡಿ ಒತ್ತುವುದು ಕಷ್ಟವೇ?

'ನಾವೇನು ಗುಟ್ಟು ಮಾತನಾಡುತ್ತೇವೆ ಸ್ವಾಮಿ?' ಎನ್ನುವವರಿದ್ದೀರಿ. ಮಗಳ ಮದುವೆಗೆ ಮಾಡಿದ ಸಾಲ, ಅತ್ತೆಯವರ ಕಾಯಿಲೆ, ಬ್ಯಾಂಕಿನವರಿಗೆ ಫೋನಿನಲ್ಲಿ ಓದಿ ಹೇಳುವ ಖಾತೆ ಸಂಖ್ಯೆ, ಇವೆಲ್ಲ ಮತ್ತೇನು? ಗುಂಡಿ ಒತ್ತಿ. ಅಲೆಕ್ಸಾ ಸ್ಪೀಕರಿನಲ್ಲಿ ಕೆಂಪು ದೀಪ ಹತ್ತಿದರೆ ಮೈಕ್ ಬಂದ್ ಆಗಿದೆ ಎಂದರ್ಥ. ನೆಂಟರು ಬಂದಾಗ ಮರೆಯದೆ ಒತ್ತಿ. ಆ ಪೆಟ್ಟಿಗೆಯನ್ನು ತಂದವರು ನೀವು, ಅವರಲ್ಲ. ನಮಸ್ಕಾರ.