ತವರಿಗೆ ಹೊರಟ ಮೊದಲ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಡ ಹೆಂಡತಿ ಕಾರು ಹತ್ತಿ ದೂರದ ಊರಿಗೆ, ನೆಂಟರ ಮನೆಗೆ ಹೊರಡುವುದು ಈಗ ದೊಡ್ಡ ಸುದ್ದಿಯೇನಲ್ಲ. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ದಾರಿ ನೋಡಿ ಹೇಳುತ್ತಾರೆ. ನಡುವೆ ಯಾವುದೋ ಸಣ್ಣ ಊರು ಸಿಕ್ಕರೆ ಇಳಿದು ಸ್ವಲ್ಪ ಅಡ್ಡಾಡಿ ಮತ್ತೆ ಹೊರಡುತ್ತಾರೆ. ಮೋಟಾರು ಗಾಡಿಯಲ್ಲಿ ಹೀಗೆ ಮೊದಲು ಹೊರಟವರು ಯಾರು ಗೊತ್ತಾ? ಜರ್ಮನಿಯ ಮನ್‌ಹೈಮ್ ಊರಿನ ಒಬ್ಬ ಹೆಣ್ಣುಮಗಳು. ಹೆಸರು ಬರ್ತಾ ಬೆಂಜ್. ವರ್ಷ 1888, ಆಗಸ್ಟ್ ತಿಂಗಳು. ಅವರು ಹೋದದ್ದು ತವರಿಗೆ, ತಾಯಿಯನ್ನು ನೋಡಿ ಬರಲು.

ಗಾಡಿ ಮಾಡಿದವರು ಅವರ ಗಂಡ ಕಾರ್ಲ್ ಬೆಂಜ್. ಪೆಟ್ರೋಲ್ ಎಂಜಿನ್ನಿನ ತಮ್ಮ ಮೂರು ಚಕ್ರದ ಗಾಡಿಗೆ ಅವರು 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ್ದರು. ಈ ಕೆಲಸದಲ್ಲಿ ಬರ್ತಾ ಅವರ ದುಡ್ಡೂ ಇತ್ತು. ಇಬ್ಬರ ಮದುವೆಯಾಗಿದ್ದು 1872ರಲ್ಲಿ. ಅದಕ್ಕೂ ಮೊದಲೇ, ತವರಿನಿಂದ ತನ್ನ ಪಾಲಿಗೆ ಬರಬೇಕಾಗಿದ್ದ ಹಣವನ್ನು ಮುಂಚೆಯೇ ಕೇಳಿ ಪಡೆದು, ಕಾರ್ಲ್ ಅವರ ಕಾರ್ಖಾನೆಗೆ ಹಾಕಿದ್ದರು. ಮದುವೆಗೆ ಮುಂಚೆಯೇ ಅಷ್ಟು ನಂಬಿಕೆ! ಈ ಪ್ರಯಾಣದಲ್ಲಿ ಕಾರ್ಲ್ ಪಕ್ಕದಲ್ಲಿ ಕೂತಿರಲಿಲ್ಲ, ನಿಜ. ಆದರೂ ನಾನು ಇದನ್ನು ಇಬ್ಬರ ಪ್ರಯಾಣ ಅಂತಲೇ ಕರೆಯುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗಾಡಿಯೇನೋ ಓಡುತ್ತಿತ್ತು. ಆದರೆ ಊರೊಳಗೆ, ಸ್ವಲ್ಪ ದೂರ ಅಷ್ಟೇ. ಕೊಳ್ಳುವುದಕ್ಕೆ ಜನ ಮುಂದೆ ಬರುತ್ತಿರಲಿಲ್ಲ. ಕಾರ್ಲ್ ಇನ್ನೂ ಇದನ್ನು ಸರಿ ಮಾಡಬೇಕು, ಅದನ್ನು ಸರಿ ಮಾಡಬೇಕು ಅನ್ನುತ್ತಲೇ ಇದ್ದರು. ಬರ್ತಾ ಅವರಿಗೆ ಕಾದು ಸಾಕಾಗಿತ್ತು. ಮಕ್ಕಳಿಗೆ ಶಾಲೆಗೆ ರಜೆ ಇತ್ತು. ಒಂದು ದಿನ ಬೆಳಗಿನ ಜಾವ, ಗಂಡ ಇನ್ನೂ ಮಲಗಿದ್ದಾಗಲೇ, 15 ವರ್ಷದ ಓಯ್ಗೆನ್ ಮತ್ತು 13 ವರ್ಷದ ರಿಚರ್ಡ್‌ನನ್ನು ಕರೆದುಕೊಂಡು ಗಾಡಿ ತೆಗೆದೇಬಿಟ್ಟರು. ಹೋಗಬೇಕಾಗಿದ್ದದ್ದು ಫೋರ್ಟ್ಸ್‌ಹೈಮ್‌ಗೆ. ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳ ಉತ್ತರದ ಅಂಚಿನಲ್ಲಿರುವ ಊರು ಅದು, ಚಿನ್ನದ ಒಡವೆ ಕೆಲಸಕ್ಕೆ ಹೆಸರಾದದ್ದು. ಅವರು ಹಿಡಿದ ದಾರಿಯಲ್ಲಿ ನೂರಕ್ಕೂ ಜಾಸ್ತಿ ಕಿಲೋಮೀಟರ್.

ಆ ಎರಡು ಊರುಗಳಿಗೆ ಆಗಲೇ ರೈಲು ಇತ್ತು. ಸುಮ್ನೆ ಟಿಕೆಟ್ ತೆಗೆದುಕೊಂಡು ಹೋಗಬಹುದಿತ್ತು ಅಲ್ವಾ? ಬರ್ತಾ ಬೇಕಂತಲೇ ರಸ್ತೆ ಹಿಡಿದರು.

ಆ ಗಾಡಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮುಂದೆ ಒಂದು ಚಕ್ರ, ಹಿಂದೆ ಎರಡು. ಮೇಲೆ ಚಾವಣಿ ಇಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಎಂಜಿನ್ ಸೀಟಿನ ಹಿಂದೆ. ಅಲ್ಲೇ ಮಲಗಿಸಿದ ಹಾಗೆ ಕೂರಿಸಿದ ಒಂದು ದೊಡ್ಡ ಚಕ್ರ. ಅದನ್ನು ಕೈಯಿಂದ ಜೋರಾಗಿ ತಿರುಗಿಸಿದರೆ ಎಂಜಿನ್ ಶುರುವಾಗುತ್ತದೆ. ಬ್ರೇಕ್ ಅಂದರೆ ಮರದ ತುಂಡು, ಅದು ಹಿಂದಿನ ಚಕ್ರವನ್ನು ಒತ್ತಿ ಹಿಡಿಯಬೇಕು. ಎಂಜಿನ್ ತಣ್ಣಗಿರಲು ನೀರು ಬೇಕು, ಆ ನೀರು ಕಾದು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹಾಗಾಗಿ ದಾರಿಯುದ್ದಕ್ಕೂ ನೀರು ಕಂಡಲ್ಲೆಲ್ಲ ನಿಲ್ಲಿಸಿ ತುಂಬಿಸಬೇಕು. ರಸ್ತೆಗಳೂ ಕುದುರೆ ಗಾಡಿಗೆ ಮಾಡಿದವು.

ಇಂಧನ ಹಿಡಿಯುತ್ತಿದ್ದದ್ದು ಕೆಲವೇ ಲೀಟರ್. ಹೈಡೆಲ್‌ಬರ್ಗ್ ದಾಟಿ ವೀಸ್‌ಲೋಖ್ ಎಂಬ ಸಣ್ಣ ಊರಿಗೆ ಬರುವ ಹೊತ್ತಿಗೆ ಅದು ಮುಗಿಯುತ್ತಾ ಬಂದಿತ್ತು. ಪೆಟ್ರೋಲ್ ಬಂಕ್ ಅನ್ನುವುದು ಲೋಕದಲ್ಲೇ ಇರಲಿಲ್ಲ. ಆದರೆ ಬಟ್ಟೆಯ ಕಲೆ ತೆಗೆಯಲು ಲಿಗ್ರೋಯಿನ್ ಅನ್ನುವ ಎಣ್ಣೆಯನ್ನು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದರು. ಪೆಟ್ರೋಲಿಯಂನಿಂದಲೇ ತೆಗೆದದ್ದು. ಬರ್ತಾ ನೇರ ಊರಿನ ಔಷಧಿ ಅಂಗಡಿಗೆ ಹೋದರು, ಅದನ್ನೇ ಕೊಂಡು ಗಾಡಿಗೆ ಹಾಕಿದರು. ವೀಸ್‌ಲೋಖ್‌ನ ಆ ಅಂಗಡಿಯನ್ನು ಈಗ ಲೋಕದ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಕೌಂಟರಿನ ಹಿಂದೆ ನಿಂತಿದ್ದವರ ಮುಖ ನೋಡಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಕಲೆ ತೆಗೆಯಲು ಒಂದು ಪುಟ್ಟ ಸೀಸೆ ಸಾಕು. ಲೀಟರ್‌ಗಟ್ಟಲೆ ಕೇಳುವ ಗಿರಾಕಿ ಎಲ್ಲಿಂದ ಬಂದಾರು?

ಮುಂದೆ ಎಲ್ಲೋ ಎಂಜಿನ್‌ಗೆ ಇಂಧನ ಹೋಗುವ ಸಣ್ಣ ಕೊಳವೆಯಲ್ಲಿ ಕಸ ಕಟ್ಟಿಕೊಂಡಿತು. ಗಾಡಿ ನಿಂತಿತು. ಆಗಿನ ಹೆಂಗಸರು ದೊಡ್ಡ ಟೋಪಿ ಇಟ್ಟುಕೊಂಡು, ಅದು ಜಾರದಂತೆ ಕೂದಲಿಗೆ ಉದ್ದನೆಯ ಪಿನ್ ಚುಚ್ಚಿಕೊಳ್ಳುತ್ತಿದ್ದರು. ಬರ್ತಾ ಟೋಪಿಯ ಪಿನ್ ಕಿತ್ತು ಕೊಳವೆಗೆ ತೂರಿಸಿ ಕಸ ತೆಗೆದರು. ಇನ್ನೊಂದು ಕಡೆ ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದುಹೋಗಿತ್ತು. ಬರಿ ತಂತಿ ಲೋಹಕ್ಕೆ ತಾಗಿದರೆ ವಿದ್ಯುತ್ ಅಲ್ಲೇ ಹರಿದುಹೋಗಿ ಕಿಡಿ ಬರುವುದಿಲ್ಲ. ಅವರು ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿ ಆ ತಂತಿಗೆ ಸುತ್ತಿದರು. ಗಾಡಿ ಮತ್ತೆ ಹೊರಟಿತು. ಈ ಎರಡು ಘಟನೆಗಳನ್ನು ತಮಾಷೆಯ ಕತೆಯಂತೆ ಹೇಳುವವರಿದ್ದಾರೆ. ನನಗೆ ಅದು ಇಷ್ಟವಾಗುವುದಿಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದವರ ಕೈಯಲ್ಲಿ ಪಿನ್ ಇದ್ದರೂ ಏನು ಉಪಯೋಗ? ಬರ್ತಾ ಆ ಗಾಡಿಯನ್ನು ಒಳಗಿನಿಂದ ಬಲ್ಲವರು. ವರ್ಷಗಟ್ಟಲೆ ಗಂಡನ ಕೆಲಸದ ಪಕ್ಕದಲ್ಲೇ ನಿಂತು ನೋಡಿದವರು. ಇಬ್ಬರ ಪ್ರಯಾಣ ಅಂದೆನಲ್ಲ, ಅದು ಇದಕ್ಕೇ.

ಇನ್ನು ದಾರಿಯ ಊರುಗಳ ಜನ. ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಚೈನು ಕೈಕೊಟ್ಟಾಗ ಬ್ರೂಖ್ಸಾಲ್‌ನ ಕಮ್ಮಾರ ಸರಿ ಮಾಡಿಕೊಟ್ಟರು. ಇಳಿಜಾರಿನಲ್ಲಿ ಮರದ ಬ್ರೇಕ್ ಸವೆದು ಹಿಡಿತ ಬಿಟ್ಟಾಗ, ದಾರಿಯ ಹಳ್ಳಿಯೊಂದರ ಚಮ್ಮಾರರ ಹತ್ತಿರ ಹೋಗಿ ಮರದ ತುಂಡಿಗೆ ಚರ್ಮ ಹೊಡೆಸಿಕೊಂಡರು. ಇವತ್ತು ನಮ್ಮ ಕಾರುಗಳಲ್ಲಿರುವ ಬ್ರೇಕ್ ಲೈನಿಂಗ್ ಶುರುವಾದದ್ದೇ ಅಲ್ಲಿ ಎಂದು ಹೇಳುತ್ತಾರೆ. ಇವರ್ಯಾರೂ ಹಿಂದೆ ಮೋಟಾರು ಗಾಡಿಯನ್ನು ಮುಟ್ಟಿ ನೋಡಿದವರಲ್ಲ. ಆದರೆ ಕಬ್ಬಿಣ ಹೇಗೆ ಬಗ್ಗುತ್ತದೆ, ಚರ್ಮ ಎಲ್ಲಿ ಹಿಡಿಯುತ್ತದೆ ಅನ್ನುವುದು ಅವರ ಕೈಗೆ ಗೊತ್ತಿತ್ತು. ಸಣ್ಣ ಊರುಗಳ ಮೇಲೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ. ರೈಲಿನಲ್ಲಿ ಹೋಗಿದ್ದರೆ ಬರ್ತಾ ಅವರಿಗೆ ಇವರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ.

ಏರು ಬಂದಾಗ ಮಾತ್ರ ಎಂಜಿನ್ ಸೋಲುತ್ತಿತ್ತು. ಮಕ್ಕಳು ಇಳಿದು ತಳ್ಳಬೇಕಾಯಿತು. ಸಂಜೆಗತ್ತಲು ಕವಿಯುವ ಹೊತ್ತಿಗೆ ಫೋರ್ಟ್ಸ್‌ಹೈಮ್ ಸಿಕ್ಕಿತು. ಬರ್ತಾ ಗಂಡನಿಗೆ ಟೆಲಿಗ್ರಾಂ ಕಳಿಸಿದರು, ಕ್ಷೇಮವಾಗಿ ಬಂದು ತಲುಪಿದ್ದೇವೆ ಎಂದು. ಕೆಲವು ದಿನ ತವರಿನಲ್ಲಿದ್ದು, ಬೇರೆ ದಾರಿ ಹಿಡಿದು ಮನ್‌ಹೈಮ್‌ಗೆ ಅದೇ ಗಾಡಿಯಲ್ಲಿ ವಾಪಸ್ ಬಂದರು. ದಾರಿಯಲ್ಲಿ ಏನೇನು ಕೆಟ್ಟಿತು, ಎಲ್ಲಿ ಬಲ ಸಾಲಲಿಲ್ಲ ಅನ್ನುವುದನ್ನೆಲ್ಲ ಕಾರ್ಲ್ ಅವರಿಗೆ ಹೇಳಿದರು. ಆಮೇಲೆ ಕಾರ್ಲ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದರು. ನಾವು ಘಟ್ಟ ಹತ್ತುವಾಗ ಹಾಕುವ ಸಣ್ಣ ಗೇರ್ ಇದೆಯಲ್ಲ, ಅದರ ಹಿಂದೆ ಗಾಡಿ ತಳ್ಳಿದ ಇಬ್ಬರು ಹುಡುಗರ ಬೆವರಿದೆ.

ಗಂಡ ಹೆಂಡತಿ ಕೊನೆಯ ವರ್ಷಗಳನ್ನು ಕಳೆದದ್ದು ಮನ್‌ಹೈಮ್ ಹತ್ತಿರದ ಲಾಡೆನ್‌ಬುರ್ಗ್‌ನಲ್ಲಿ. ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ 95 ತುಂಬಿದ ಎರಡು ದಿನಕ್ಕೆ, 1944ರ ಮೇ 5ರಂದು. ಅದೇ ಹುಟ್ಟುಹಬ್ಬಕ್ಕೆ ಕಾರ್ಲ್ಸ್‌ರೂಹ್‌ನ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತ್ತು. ಕಾರ್ಲ್ ಎಂಜಿನಿಯರಿಂಗ್ ಓದಿದ್ದೂ ಕಾರ್ಲ್ಸ್‌ರೂಹ್‌ನಲ್ಲೇ.

ಈಗ ನಿಮ್ಮಲ್ಲಿ ಯಾರಾದರೂ ಇಬ್ಬರೂ ಸೇರಿ ಜರ್ಮನಿಗೆ ಹೋಗುವವರಿದ್ದರೆ, ಮಗನ ಮನೆಗೋ ಮಗಳ ಮನೆಗೋ ಹೊರಟಿದ್ದರೆ, ನನ್ನದೊಂದು ಕೋರಿಕೆ. ಬರ್ತಾ ಹೋಗಿ ಬಂದ ಆ ದಾರಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದು ಗುರುತಿಸಿದ್ದಾರೆ. ಹೋಗಿ ಬರಲು ಸೇರಿ 194 ಕಿಲೋಮೀಟರ್. ಬೋರ್ಡುಗಳೂ ಇವೆ. ಆ ಕಡೆಯಲ್ಲಿ ದೊಡ್ಡ ಹೆದ್ದಾರಿಯೂ ಇದೆ, ಬೇಗ ಮುಟ್ಟಿಸುತ್ತದೆ. ಅದನ್ನು ಬಿಡಿ, ಊರೊಳಗಿನ ರಸ್ತೆ ಹಿಡಿಯಿರಿ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಎರಡು ದಿನ ಇಟ್ಟುಕೊಳ್ಳಿ. ವೀಸ್‌ಲೋಖ್‌ನಲ್ಲಿ ಇಳಿದು ಆ ಔಷಧಿ ಅಂಗಡಿ ನೋಡಿ. ಬ್ರೂಖ್ಸಾಲ್‌ನಲ್ಲಿ ಹಳೆಯ ಅರಮನೆಯಿದೆ, ಯುದ್ಧದಲ್ಲಿ ಹಾಳಾಗಿದ್ದದ್ದನ್ನು ಮತ್ತೆ ಕಟ್ಟಿದ್ದಾರೆ. ಲಾಡೆನ್‌ಬುರ್ಗ್‌ನಲ್ಲಿ ಕಾರ್ಲ್ ಬೆಂಜ್ ಹೆಸರಿನ ಮ್ಯೂಸಿಯಂ ಇದೆ, ಅದಕ್ಕೆ ಅರ್ಧ ದಿನ ಕೊಡಿ. ಲೈಸೆನ್ಸ್ ಇಬ್ಬರ ಹತ್ತಿರವೂ ಇದ್ದರೆ ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಓಡಿಸಿ. ಫೋರ್ಟ್ಸ್‌ಹೈಮ್ ಮುಟ್ಟಿದ ಮೇಲೆ ಮನೆಗೊಂದು ಫೋನ್ ಮಾಡುವುದನ್ನು ಮಾತ್ರ ಮರೆಯಬೇಡಿ.

ನಮಸ್ಕಾರ.