ಮೋಟಾರಿಗೆ ಕೊಡುವ ಗುರಿ

ಕೇಳುಗ ಬಂಧುಗಳೇ, ನಮಸ್ಕಾರ. ಬಳ್ಳಾರಿಯ ಜೀನ್ಸ್ ಹೊಲಿಯುವ ಸರ್ವೋ ಯಂತ್ರವೊಂದನ್ನು, ಅಂದರೆ ತನ್ನ ವೇಗವನ್ನು ತಾನೇ ಅಳೆದು ತಿದ್ದಿಕೊಳ್ಳುವ ಮೋಟಾರಿರುವ ಯಂತ್ರವನ್ನು, ಗಮನಿಸಿ. ಪೆಡಲ್ ತುಳಿದಾಗ ಕರೆಂಟು ಪೆಡಲಿನ ಮೂಲಕವೇ ಮೋಟಾರಿಗೆ ಹರಿಯುವುದಿಲ್ಲ. ಪೆಡಲ್ ಎಷ್ಟು ಬಾಗಿತೆಂಬುದನ್ನು ಸಂವೇದಕವೊಂದು ಅಳೆದು, ಇಷ್ಟು ವೇಗ ಬೇಕೆಂಬ ಸಣ್ಣ ಸಂಕೇತವನ್ನಷ್ಟೇ ನಿಯಂತ್ರಕಕ್ಕೆ ಕಳಿಸುತ್ತದೆ. ಇದೇ ರೆಫರೆನ್ಸ್ ಸಂಕೇತ, ಅಂದರೆ ಮೋಟಾರು ಮುಟ್ಟಬೇಕಾದ ಗುರಿಮೌಲ್ಯ.

ಗುರಿ ಹೇಳಿದ ಮಾತ್ರಕ್ಕೆ ಅದು ಸಿದ್ಧಿಸದು. ಮೋಟಾರಿನ ನಿಜವಾದ ವೇಗವನ್ನು ಇನ್ನೊಂದು ಸಂವೇದಕ ಸತತವಾಗಿ ತಿಳಿಸುತ್ತಿರುತ್ತದೆ. ಗುರಿಗೂ ವಾಸ್ತವಕ್ಕೂ ಇರುವ ಅಂತರವೇ ನಿಯಂತ್ರಕದ ಕೆಲಸಕ್ಕೆ ಆಧಾರ. ಪ್ಯಾಂಟಿನ ಹೊಲಿಗೆಗಳು ಕೂಡುವ ಕಡೆ ಡೆನಿಮ್ ಬಟ್ಟೆ ಹಲವು ಪದರ ದಪ್ಪವಾಗಿರುತ್ತದೆ. ಸೂಜಿ ಅಲ್ಲಿಗೆ ಬಂದಾಗ ವೇಗ ತಗ್ಗುತ್ತದೆ, ಅಂತರ ಹೆಚ್ಚುತ್ತದೆ, ವೇಗದ ನಿಯಂತ್ರಕ ಹೆಚ್ಚು ಕರೆಂಟು ಕೇಳುತ್ತದೆ. ಈ ಕೇಳಿಕೆಯೇ ಒಳಗಿನ ಕರೆಂಟು ನಿಯಂತ್ರಕಕ್ಕೆ ಗುರಿಮೌಲ್ಯವಾಗುತ್ತದೆ. ಹೊರಗಿನ ವೇಗ ನಿಯಂತ್ರಕದ ಉತ್ತರ ಒಳಗಿನ ಕರೆಂಟು ನಿಯಂತ್ರಕಕ್ಕೆ ಆಜ್ಞೆಯಾಗುವ ಈ ಏರ್ಪಾಡು ನನಗೆ ಬಹಳ ಸೊಗಸಾಗಿ ತೋರುತ್ತದೆ.

ಮೋಟಾರಿಗೆ ಕರೆಂಟು ಕೊಟ್ಟು ನಡೆಸುವ ಸಾಧನವನ್ನು ಡ್ರೈವ್ ಎನ್ನುತ್ತಾರೆ. ಎಲ್ಲ ಡ್ರೈವುಗಳಲ್ಲಿಯೂ ಹೀಗೆ ನಿಜವಾದ ವೇಗ ತಿಳಿಸುವ ಮರುಮಾಹಿತಿ ಇರುವುದಿಲ್ಲ. ಸಾಮಾನ್ಯ ವಿ.ಎಫ್.ಡಿ.ಗೆ, ಅಂದರೆ ಕರೆಂಟಿನ ಆವರ್ತನ ಬದಲಿಸಿ ಮೋಟಾರಿನ ವೇಗ ಬದಲಿಸುವ ಡ್ರೈವಿಗೆ, 50 ಹರ್ಟ್ಸ್ ಎಂದು ಗುರಿ ಕೊಟ್ಟರೆ, ನಾಲ್ಕು ಧ್ರುವದ ಇಂಡಕ್ಷನ್ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ, ಆದರೆ ಪೂರ್ತಿ ಹೊರೆ ಬಿದ್ದಾಗ ಶಾಫ್ಟ್ ಸುಮಾರು 1440 ಸುತ್ತಿನಲ್ಲಿರಬಹುದು. ಅಲ್ಲಿ ನಾವು ಕೊಟ್ಟ ಗುರಿ ಆವರ್ತನದ್ದೇ ಹೊರತು ವೇಗದ್ದಲ್ಲ.

ಗುರಿಯನ್ನು ಒಮ್ಮೆಗೇ ಏರಿಸುವುದೂ ಸರಿಯಲ್ಲ. ಭಾರವಾದ ಫ್ಯಾನು ತಕ್ಷಣ ವೇಗ ಪಡೆಯಲಾರದು. ಕರೆಂಟು ಮಿತಿಮೀರಿ ಡ್ರೈವ್ ಟ್ರಿಪ್ ಆಗಬಹುದು, ಅಂದರೆ ರಕ್ಷಣೆಗಾಗಿ ತಾನೇ ನಿಂತುಬಿಡಬಹುದು. ಆದುದರಿಂದ ರ‍್ಯಾಂಪ್ ಸಮಯವನ್ನು ನಿಗದಿಪಡಿಸಿ, ಗುರಿಯೇ ಹಂತಹಂತವಾಗಿ ಏರುವಂತೆ ಮಾಡುತ್ತಾರೆ.

ಗುರಿ ಸಾಗುವ ತಂತಿಯೂ ಮುಖ್ಯ. ಕಾರ್ಖಾನೆಗಳಲ್ಲಿ 4ರಿಂದ 20 ಮಿಲಿ ಆಂಪಿಯರ್ ಸಂಕೇತ ರೂಢಿಯಲ್ಲಿದೆ. ಇದರಲ್ಲಿ 12 ಮಿಲಿ ಆಂಪಿಯರ್ ಎಂದರೆ ಅರ್ಧ ಗುರಿ. ಕನಿಷ್ಠ ಗುರಿಗೂ 4 ಮಿಲಿ ಆಂಪಿಯರ್ ಹರಿಯುವುದರಿಂದ, ಸೊನ್ನೆ ಕಂಡರೆ ತಂತಿ ತುಂಡಾಗಿದೆಯೆಂದು ಡ್ರೈವ್ ಅರಿಯಬಲ್ಲದು. ಆಗ ಅದು ಏನು ಮಾಡಬೇಕೆಂಬುದನ್ನು ಮೊದಲೇ ಹೊಂದಿಸಿಡಬೇಕು. ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕನ್ವೇಯರ್ ನಿಲ್ಲುವುದು ಕ್ಷೇಮವಾದರೆ, ಬಾಯ್ಲರಿನ ಹೊಗೆ ಎಳೆಯುವ ಫ್ಯಾನು ಕೊನೆಯ ವೇಗದಲ್ಲಿಯೇ ಸುತ್ತುತ್ತಾ ಎಚ್ಚರಿಕೆಯ ಗಂಟೆ ಬಾರಿಸುವುದು ಕ್ಷೇಮ.